ಅಡಾ ಲವ್‌ಲೇಸ್ ಬರೆದ ಆಜ್ಞಾಪಟ್ಟಿ

1833ನೆಯ ಇಸವಿಯ ಜೂನ್ ತಿಂಗಳಿನ ಒಂದು ದಿನ. ಲಂಡನ್ ನಗರದ ಡಾರ್ಸೆಟ್ ಬೀದಿಯಲ್ಲಿದ್ದ ಚಾರ್ಲ್ಸ್ ಬ್ಯಾಬೇಜನ ಮನೆಗೆ ಒಬ್ಬ ತಾಯಿಯೂ ಆಕೆಯ ಹದಿನೇಳು ವರ್ಷದ ಮಗಳೂ ಬಂದಿದ್ದರು. ಬ್ಯಾಬೇಜನು ಗಣಿತದಲ್ಲಿ ಪ್ರಖ್ಯಾತನಾದ ವಿದ್ವಾಂಸ. ಅವನ ಮನೆಯಲ್ಲಿ ಹಿತ್ತಾಳೆಯ ಹಲ್ಲುಚಕ್ರಗಳನ್ನು ಕಂಬಗಳಲ್ಲಿ ಒಂದರ ಮೇಲೊಂದು ಪೋಣಿಸಿದ ಒಂದು ಯಂತ್ರವಿತ್ತು. ಹಿಡಿಕೆಯನ್ನು ತಿರುಗಿಸಿದರೆ ಚಕ್ರಗಳು ಉರುಳಿ ಲೆಕ್ಕದ ಉತ್ತರ ತಾನಾಗಿ ಕಾಣಿಸಿಕೊಳ್ಳುತ್ತಿತ್ತು. ಬಂದವರಲ್ಲಿ ಬಹುಮಂದಿ ಅದನ್ನು ಜಾತ್ರೆಯ ಬೊಂಬೆಯನ್ನು ನೋಡುವಂತೆ ಬೆರಗಿನಿಂದ ನೋಡಿ ಹೋಗುತ್ತಿದ್ದರು. ಆ ಹುಡುಗಿ ಮಾತ್ರ ಚಕ್ರದಿಂದ ಚಕ್ರಕ್ಕೆ ದೃಷ್ಟಿಯನ್ನು ಹಾಯಿಸುತ್ತ, ಅದು ಹೇಗೆ ನಡೆಯುತ್ತದೆ ಎಂಬುದನ್ನು ಗ್ರಹಿಸಿದಳು. ಆಕೆಯೇ ಅಡಾ. ಮುಂದೆ ಹತ್ತು ವರ್ಷಗಳ ತರುವಾಯ, ಇನ್ನೂ ನಿರ್ಮಾಣವಾಗದಿದ್ದ ಒಂದು ಯಂತ್ರಕ್ಕೆ ಆಜ್ಞೆಗಳ ಪಟ್ಟಿಯನ್ನು ಬರೆದು ಪ್ರಕಟಿಸಿದವಳು ಈಕೆ.

ಅಡಾ ಹುಟ್ಟಿದುದು 1815ನೆಯ ಡಿಸೆಂಬರ್ 10ರಂದು, ಲಂಡನ್ನಿನಲ್ಲಿ. ತಂದೆ ಇಂಗ್ಲಿಷ್ ಸಾಹಿತ್ಯದ ಮಹಾಕವಿಗಳಲ್ಲಿ ಒಬ್ಬನಾದ ಲಾರ್ಡ್ ಬೈರನ್. ತಾಯಿ ಅನಬೆಲ್ಲಾಳಿಗೆ ಗಣಿತವೆಂದರೆ ಪ್ರೀತಿ. ಪತ್ನಿಯ ಈ ಒಲವನ್ನು ಕವಿ ಜ್ಯಾಮಿತಿಯ ಆಕೃತಿಗಳ ಹೆಸರಿಟ್ಟು ಪರಿಹಾಸ ಮಾಡುತ್ತಿದ್ದನಂತೆ. ದಾಂಪತ್ಯ ಬಹುಕಾಲ ನಿಲ್ಲಲಿಲ್ಲ. ಮಗು ಒಂದು ತಿಂಗಳ ಕೂಸಾಗಿದ್ದಾಗಲೇ ತಾಯಿ ಅದನ್ನು ಎತ್ತಿಕೊಂಡು ತವರಿಗೆ ಹೊರಟುಹೋದಳು. 1816ರ ಏಪ್ರಿಲ್‌ನಲ್ಲಿ ಬೈರನ್ನನು ಇಂಗ್ಲೆಂಡನ್ನು ಬಿಟ್ಟನು, ಮತ್ತೆ ಮರಳಲಿಲ್ಲ. ಗ್ರೀಕರ ಸ್ವಾತಂತ್ರ್ಯ ಸಮರಕ್ಕೆ ನೆರವಾಗಲು ಹೋಗಿ, 1824ರಲ್ಲಿ ಅಲ್ಲಿಯೇ ಜ್ವರದಿಂದ ತೀರಿಕೊಂಡನು. ಆಗ ಅವನಿಗೆ ಮೂವತ್ತಾರು ವರ್ಷ, ಮಗಳಿಗೆ ಎಂಟು.

ತಂದೆಯ ಉದ್ವೇಗದ ಸ್ವಭಾವ ಮಗಳಿಗೂ ಬಂದೀತೆಂಬ ಭಯ ತಾಯಿಯನ್ನು ಸದಾ ಕಾಡುತ್ತಿತ್ತು. ಮನಸ್ಸನ್ನು ಹಿಡಿತದಲ್ಲಿಡಲು ಗಣಿತಕ್ಕಿಂತ ಒಳ್ಳೆಯ ಔಷಧವಿಲ್ಲವೆಂದು ಆಕೆ ಬಗೆದಳು. ಮನೆಗೇ ಉಪಾಧ್ಯಾಯರು ಬಂದು ಪಾಠ ಹೇಳಿದರು. ಮಗಳಿಗೆ ಇಪ್ಪತ್ತು ವರ್ಷ ತುಂಬುವವರೆಗೆ ತಂದೆಯ ಭಾವಚಿತ್ರವನ್ನು ಕೂಡ ತೋರಿಸಲಿಲ್ಲ. ಆದರೆ ಕಲ್ಪನೆಯನ್ನು ಕಟ್ಟಿಹಾಕುವುದು ಯಾರಿಂದಲೂ ಸಾಧ್ಯವಾಗಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಅಡಾ ಹಾರುವ ಯಂತ್ರವೊಂದನ್ನು ಕಟ್ಟುವ ಹಂಬಲಕ್ಕೆ ಬಿದ್ದಳು. ಹಕ್ಕಿಯ ರೆಕ್ಕೆಗೂ ಮೈಗೂ ಇರುವ ಪ್ರಮಾಣವೆಷ್ಟು, ರೆಕ್ಕೆಗೆ ಕಾಗದ ಸರಿಯೋ ರೇಷ್ಮೆ ಸರಿಯೋ ಎಂದು ಪರೀಕ್ಷಿಸಿ ಬರೆದಿಟ್ಟಳು. ಮರುವರ್ಷವೇ ದಡಾರ ರೋಗ ಬಂದು ಕಾಲುಗಳ ಶಕ್ತಿ ಕುಂದಿತು. ದೀರ್ಘಕಾಲ ಹಾಸಿಗೆಯಲ್ಲಿದ್ದು, ಅನಂತರ ಊರುಗೋಲುಗಳ ನೆರವಿನಿಂದ ನಡೆಯಬೇಕಾಯಿತು. ಓದು ಮಾತ್ರ ನಿಲ್ಲಲಿಲ್ಲ.

ಅಂದಿನ ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿತ್ತೆಂಬುದನ್ನು ಮರೆಯಬಾರದು. ಗಣಿತವನ್ನು ಕಲಿಯಬೇಕಾದರೆ ಪುಸ್ತಕ, ಪತ್ರವ್ಯವಹಾರ ಹಾಗೂ ಯಾರಾದರೂ ವಿದ್ವಾಂಸರ ಕೃಪೆ, ಇವೇ ಗತಿ. ಅಡಾಳಿಗೆ ಈ ವಿಷಯದಲ್ಲಿ ಅದೃಷ್ಟವಿತ್ತು. ತನ್ನ ಸ್ವಂತ ಪರಿಶ್ರಮದಿಂದ ಖಗೋಳಶಾಸ್ತ್ರದಲ್ಲಿ ಹೆಸರು ಗಳಿಸಿದ್ದ ಮೇರಿ ಸಾಮರ್‌ವಿಲ್ ಆಕೆಗೆ ಮಾರ್ಗದರ್ಶಿಯಾದಳು. 1840ರಿಂದ ಆಗಸ್ಟಸ್ ಡಿ ಮಾರ್ಗನ್ ಪತ್ರಗಳ ಮೂಲಕ ಪಾಠ ಹೇಳಿದನು. ಈ ಡಿ ಮಾರ್ಗನ್ ಹುಟ್ಟಿದುದು ನಮ್ಮ ದಕ್ಷಿಣ ಭಾರತದ ಮಧುರೆಯಲ್ಲಿ, 1806ರಲ್ಲಿ. ಶಿಷ್ಯೆಯ ಬುದ್ಧಿಶಕ್ತಿಯನ್ನು ಅವನು ಮನಸಾರೆ ಮೆಚ್ಚಿದನು. ಆದರೂ ಇಷ್ಟು ಕಠಿಣವಾದ ಚಿಂತನೆಯ ಭಾರವನ್ನು ಸ್ತ್ರೀಯ ದೇಹ ತಡೆದೀತೆ ಎಂಬ ಸಂಶಯವನ್ನು ಆಕೆಯ ತಾಯಿಗೆ ಬರೆದು ತಿಳಿಸಿದನು. ತರ್ಕಶಾಸ್ತ್ರದಲ್ಲಿ ಅಷ್ಟು ದೊಡ್ಡವನಾಗಿದ್ದವನೂ ತನ್ನ ಕಾಲದ ನಂಬಿಕೆಯನ್ನು ಮೀರಲಾರದೆ ಹೋದುದು ವಿಷಾದದ ಸಂಗತಿ.

1835ರಲ್ಲಿ ವಿಲಿಯಂ ಕಿಂಗ್ ಎಂಬ ಶ್ರೀಮಂತನೊಡನೆ ಅಡಾಳ ವಿವಾಹವಾಯಿತು. 1838ರಲ್ಲಿ ಅವನಿಗೆ ಲವ್‌ಲೇಸ್‌ನ ಅರ್ಲ್ ಎಂಬ ಪದವಿ ದೊರೆಯಿತು. ಅಡಾ ಲವ್‌ಲೇಸ್ ಎಂಬ ಹೆಸರು ಬಂದುದು ಹೀಗೆ. ಇಬ್ಬರು ಗಂಡುಮಕ್ಕಳೂ ಒಬ್ಬ ಮಗಳೂ ಹುಟ್ಟಿದರು.

ಇತ್ತ ಬ್ಯಾಬೇಜನ ಕಥೆ ಬೇರೊಂದು ದಾರಿ ಹಿಡಿದಿತ್ತು. ಆ ಕಾಲದಲ್ಲಿ ನಾವಿಕರು, ಖಗೋಳಜ್ಞರು, ವಿಮೆಯ ಲೆಕ್ಕಿಗರು ಎಲ್ಲರೂ ಅಚ್ಚಾದ ಗಣಿತ ಕೋಷ್ಟಕಗಳನ್ನೇ ನೆಚ್ಚಿಕೊಂಡಿದ್ದರು. ಕೋಷ್ಟಕಗಳನ್ನು ಮನುಷ್ಯರು ಕೈಯಿಂದ ಲೆಕ್ಕ ಮಾಡಿ, ಕೈಯಿಂದ ನಕಲು ಮಾಡಿ, ಮೊಳೆ ಜೋಡಿಸಿ ಅಚ್ಚು ಮಾಡುತ್ತಿದ್ದರು. ಪ್ರತಿ ಹೆಜ್ಜೆಯಲ್ಲಿಯೂ ತಪ್ಪು ನುಸುಳುತ್ತಿತ್ತು. ಈ ತಪ್ಪುಗಳನ್ನು ನಿವಾರಿಸಲೆಂದೇ ಬ್ಯಾಬೇಜನು ವ್ಯತ್ಯಾಸ ಯಂತ್ರವನ್ನು ಯೋಚಿಸಿದ್ದನು. ಅಡಾ ನೋಡಿದುದು ಅದರ ಲೆಕ್ಕ ಮಾಡುವ ಅಂಗದ ಏಳನೆಯ ಒಂದು ಭಾಗವನ್ನು ಮಾತ್ರ. ಯಂತ್ರವನ್ನು ಕಟ್ಟುತ್ತಿದ್ದ ಕುಶಲಕರ್ಮಿಯೊಡನೆ ಜಗಳವಾಗಿ ಕೆಲಸ ನಿಂತುಹೋಯಿತು. ಸರ್ಕಾರ ಸುಮಾರು 17,000 ಪೌಂಡುಗಳನ್ನು ವೆಚ್ಚ ಮಾಡಿ, 1842ರಲ್ಲಿ ಕೈತೊಳೆದುಕೊಂಡಿತು.

ಅಷ್ಟರಲ್ಲಿ ಬ್ಯಾಬೇಜನ ಮನಸ್ಸು ಇನ್ನೂ ದೊಡ್ಡದೊಂದು ಯಂತ್ರದ ಮೇಲೆ ನೆಟ್ಟಿತ್ತು. ವ್ಯತ್ಯಾಸ ಯಂತ್ರವು ಒಂದೇ ಬಗೆಯ ಲೆಕ್ಕವನ್ನು ಮಾಡಬಲ್ಲದು. 1834ರಿಂದ ಅವನು ರೂಪಿಸತೊಡಗಿದ ವಿಶ್ಲೇಷಕ ಯಂತ್ರವಾದರೋ ಹೇಳಿದ ಯಾವ ಲೆಕ್ಕವನ್ನಾದರೂ ಮಾಡಬೇಕು. ಅದರಲ್ಲಿ ಎರಡು ಮುಖ್ಯ ಅಂಗಗಳು. ಒಂದು ಉಗ್ರಾಣ, ಅಲ್ಲಿ ಸಾಲುಸಾಲಾಗಿ ನಿಂತ ಚಕ್ರದ ಕಂಬಗಳಲ್ಲಿ ಸಂಖ್ಯೆಗಳು ಕಾದಿರುತ್ತವೆ. ಇನ್ನೊಂದು ಗಿರಣಿ, ಉಗ್ರಾಣದಿಂದ ಬಂದ ಸಂಖ್ಯೆಗಳನ್ನು ಅಲ್ಲಿ ಕೂಡಿ, ಕಳೆದು, ಗುಣಿಸಿ, ಭಾಗಿಸಿ, ಫಲವನ್ನು ಮತ್ತೆ ಉಗ್ರಾಣಕ್ಕೆ ಕಳುಹಿಸಲಾಗುತ್ತದೆ. ಇಂದಿನ ಗಣಕದ ಸ್ಮೃತಿಕೋಶವೂ ಸಂಸ್ಕಾರಕವೂ ಮಾಡುವ ಕೆಲಸ ಇದೇ.

ಯಾವ ಕಂಬದ ಸಂಖ್ಯೆಯನ್ನು ತರಬೇಕು, ಏನು ಮಾಡಬೇಕು ಎಂಬುದನ್ನು ಯಂತ್ರಕ್ಕೆ ತಿಳಿಸುವ ಬಗೆ ಹೇಗೆ? ಬ್ಯಾಬೇಜನಿಗೆ ಇದರ ಉತ್ತರ ದೊರೆತುದು ನೆಯ್ಗೆಯವರ ಮನೆಯಲ್ಲಿ. ಫ್ರಾನ್ಸಿನ ಜಕಾರ್ಡ್ ಎಂಬಾತನು 1804ರ ಸುಮಾರಿಗೆ ಒಂದು ಹೊಸ ಬಗೆಯ ರೇಷ್ಮೆ ಮಗ್ಗವನ್ನು ಸಿದ್ಧಪಡಿಸಿದ್ದನು. ಅದರಲ್ಲಿ ತೂತು ಕೊರೆದ ರಟ್ಟುಗಳನ್ನು ಸರಪಣಿಯಂತೆ ಹೊಲಿದು ಹೊಂದಿಸುತ್ತಿದ್ದರು. ತೂತಿರುವೆಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದೆಡೆ ಸುಮ್ಮನಿರುತ್ತದೆ. ನಡುವೆ ಹೊಕ್ಕಿನ ನೂಲು ಹರಿದುಹೋಗುತ್ತದೆ. ರಟ್ಟುಗಳನ್ನು ಬದಲಿಸಿದರೆ ಅದೇ ಮಗ್ಗದಲ್ಲಿ ಹೂವಿನ ಬದಲು ನವಿಲು ಮೂಡುತ್ತದೆ. ಮಗ್ಗಕ್ಕೆ ಹೂವೂ ತಿಳಿಯದು, ನವಿಲೂ ತಿಳಿಯದು. ಅದಕ್ಕೆ ತಿಳಿದಿರುವುದು ತೂತು ಇದೆ ಅಥವಾ ಇಲ್ಲ ಎಂಬುದಷ್ಟೆ. ಬ್ಯಾಬೇಜನು ಇಂಥ ರಟ್ಟುಗಳನ್ನೇ ತನ್ನ ಯಂತ್ರಕ್ಕೂ ಅಳವಡಿಸಲು ನಿಶ್ಚಯಿಸಿದನು. ಮಾಡಬೇಕಾದ ಕ್ರಿಯೆಯನ್ನು ಹೇಳಲು ಒಂದು ಬಗೆಯ ರಟ್ಟು, ಯಾವ ಕಂಬವೆಂದು ಹೇಳಲು ಇನ್ನೊಂದು ಬಗೆ. ಅಡಾ ಕೂಡ 1834ರಲ್ಲಿ ತಾಯಿಯೊಡನೆ ಕಾರ್ಖಾನೆಗಳ ಪ್ರವಾಸ ಮಾಡುವಾಗ ಈ ಮಗ್ಗಗಳನ್ನು ಕಂಡಿದ್ದಳು.

1840ರಲ್ಲಿ ಬ್ಯಾಬೇಜನು ಇಟಲಿಯ ಟ್ಯೂರಿನ್ ನಗರಕ್ಕೆ ಹೋಗಿ ತನ್ನ ಯೋಜನೆಯನ್ನು ವಿದ್ವಾಂಸರ ಮುಂದೆ ವಿವರಿಸಿದನು. ಕೇಳಿದವರಲ್ಲಿ ಲುಯಿಜಿ ಮೆನಬ್ರಿಯ ಎಂಬ ತರುಣ ಇಂಜಿನಿಯರನಿದ್ದನು. ಮುಂದೆ ಈತ ಇಟಲಿಯ ಪ್ರಧಾನಮಂತ್ರಿಯೂ ಆದನು. 1842ರಲ್ಲಿ ಅವನು ಈ ಯಂತ್ರವನ್ನು ಕುರಿತು ಫ್ರೆಂಚ್ ಭಾಷೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿದನು. ಅದನ್ನು ಅಡಾ ಇಂಗ್ಲಿಷಿಗೆ ಅನುವಾದಿಸಿದಳು. ಇಷ್ಟೊಂದು ಬಲ್ಲವಳು ಸ್ವತಂತ್ರವಾಗಿಯೇ ಏಕೆ ಬರೆಯಲಿಲ್ಲವೆಂದು ಬ್ಯಾಬೇಜನು ಕೇಳಿದಾಗ, ಅಂಥ ಆಲೋಚನೆಯೇ ತನಗೆ ಬರಲಿಲ್ಲವೆಂದಳು. ಕೊನೆಗೆ ಅನುವಾದಕ್ಕೆ ಟಿಪ್ಪಣಿಗಳನ್ನು ಸೇರಿಸುವುದೆಂದು ನಿರ್ಧಾರವಾಯಿತು. ಏಳು ಟಿಪ್ಪಣಿಗಳು ಬೆಳೆಬೆಳೆದು ಮೂಲ ಲೇಖನದ ಎರಡು ಪಟ್ಟಿಗೂ ಮಿಕ್ಕಿದವು. 1843ರ ಬೇಸಗೆಯಲ್ಲಿ ಇಬ್ಬರ ನಡುವೆ ಪತ್ರಗಳು ದಿನದಿನವೂ ಓಡಾಡಿದವು. ಗ್ರಂಥ ಪ್ರಕಟವಾದಾಗ ಟಿಪ್ಪಣಿಗಳ ಕೊನೆಯಲ್ಲಿ ಪೂರ್ಣ ಹೆಸರಿರಲಿಲ್ಲ. ಮೂರು ಇನಿಷಿಯಲ್ ಅಕ್ಷರಗಳು ಮಾತ್ರ ಇದ್ದವು.

ಯಂತ್ರಕ್ಕೆ ಕೆಲಸವನ್ನು ಹೇಗೆ ಹೇಳಬೇಕು ಎಂಬುದನ್ನು ಈ ಬರಹದಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಕಾಣಬಹುದು. ಒಂದು ಉದಾಹರಣೆ ಎರಡು ಅವ್ಯಕ್ತ ಪದಗಳಿರುವ ಸಮೀಕರಣಗಳ ಜೋಡಿ. ಮೆನಬ್ರಿಯನು ಎತ್ತಿಕೊಂಡ ಈ ಲೆಕ್ಕವನ್ನು ಅಡಾ ತನ್ನ ಟಿಪ್ಪಣಿಯಲ್ಲಿ ಇನ್ನಷ್ಟು ಬಿಡಿಸಿದಳು. ಶಾಲೆಯ ಹುಡುಗನೊಬ್ಬನು ಅದನ್ನು ಬಿಡಿಸುವಾಗ ಕಣ್ಣಳತೆಯಲ್ಲಿ ಅನೇಕ ಹೆಜ್ಜೆಗಳನ್ನು ಹಾರಿಬಿಡುತ್ತಾನೆ. ಯಂತ್ರ ಹಾಗೆ ಹಾರಲಾರದು. ಕೊಟ್ಟ ಆರು ಸಂಖ್ಯೆಗಳನ್ನು ಮೊದಲು ಆರು ಕಂಬಗಳಲ್ಲಿ ಇಡಬೇಕು. ಆಮೇಲೆ ಆರು ಗುಣಾಕಾರ, ಮೂರು ವ್ಯವಕಲನ, ಎರಡು ಭಾಗಾಕಾರ, ಒಟ್ಟು ಹನ್ನೊಂದು ಆಜ್ಞೆಗಳು. ಪ್ರತಿಯೊಂದು ಆಜ್ಞೆಗೂ ಒಂದೊಂದು ಸಾಲು. ಎರಡನೆಯ ಕಂಬದ್ದನ್ನು ನಾಲ್ಕನೆಯ ಕಂಬದ್ದರಿಂದ ಗುಣಿಸು, ಫಲವನ್ನು ಎಂಟನೆಯ ಕಂಬದಲ್ಲಿಡು: ಸಾಲಿನ ರೀತಿ ಹೀಗೆ. ಮಾಡುವ ಕ್ರಿಯೆ ಯಾವುದು, ಎಲ್ಲಿಂದ ತರಬೇಕು, ಎಲ್ಲಿ ಇಡಬೇಕು, ಈ ಮೂರಕ್ಕಿಂತ ಹೆಚ್ಚಿನ ಮಾತು ಅದರಲ್ಲಿಲ್ಲ. ಇಂದು ಗಣಕದ ಅಸೆಂಬ್ಲಿ ಭಾಷೆಯನ್ನು ಕಲಿಯಲು ತೊಡಗಿದವರು ಮೊದಲ ದಿನ ಎದುರಿಸುವುದು ಇಂಥ ಸಾಲುಗಳನ್ನೇ.

ಹಾಗೆ ಕಲಿಯುವವರನ್ನು ತಬ್ಬಿಬ್ಬುಗೊಳಿಸುವ ಇನ್ನೊಂದು ಸಂಗತಿಯಿದೆ. ಹತ್ತನೆಯ ಕಂಬದಿಂದ ಒಂದನ್ನು ಕಳೆದು ಫಲವನ್ನು ಹತ್ತನೆಯ ಕಂಬದಲ್ಲಿಯೇ ಇಡು ಎಂಬ ಆಜ್ಞೆ ಬರುತ್ತದೆ. ಗಣಿತದ ಪುಸ್ತಕದಲ್ಲಿ ಒಂದು ಸಂಖ್ಯೆಯು ತನ್ನಿಂದ ಒಂದನ್ನು ಕಳೆದುದಕ್ಕೆ ಸಮವೆಂದು ಬರೆದರೆ ಅದು ಶುದ್ಧ ಅಸಂಬದ್ಧ. ಯಂತ್ರದಲ್ಲಿ ಅಸಂಬದ್ಧವಲ್ಲ, ಏಕೆಂದರೆ ಕಂಬವೆಂಬುದು ಸಂಖ್ಯೆಯಲ್ಲ, ಸಂಖ್ಯೆಯನ್ನು ಇಡುವ ಸ್ಥಳ. ಕ್ರಿಯೆಗೆ ಮುಂಚೆ ಅಲ್ಲಿದ್ದುದು ಒಂದು, ಅನಂತರ ಇರುವುದು ಮತ್ತೊಂದು. ಈ ಗೊಂದಲ ಬರಬಾರದೆಂದು ಕಂಬದ ಗುರುತಿನ ಎಡಗಡೆ, ತುಸು ಮೇಲೆ ಪುಟ್ಟ ಅಂಕಿಯೊಂದನ್ನು ಬರೆಯುವ ಪದ್ಧತಿಯನ್ನು ಟಿಪ್ಪಣಿಗಳಲ್ಲಿ ವಿವರಿಸಲಾಗಿದೆ. ಆ ಕಂಬದ ಬೆಲೆ ಎಷ್ಟನೆಯ ಬಾರಿ ಬದಲಾಯಿತೆಂದು ಆ ಅಂಕಿ ಹೇಳುತ್ತದೆ. ಕಾಲವೆಂಬುದು ಗಣಿತದೊಳಗೆ ಕಾಲಿಟ್ಟುದನ್ನು ಆ ಪುಟ್ಟ ಅಂಕಿಯಲ್ಲಿ ಕಾಣಬಹುದು.

ಕೊನೆಯ ಟಿಪ್ಪಣಿಯೇ ಎಲ್ಲಕ್ಕಿಂತ ಪ್ರಸಿದ್ಧವಾದುದು. ಅದರಲ್ಲಿ ಬರ್ನೌಲಿ ಸಂಖ್ಯೆಗಳೆಂಬ ಒಂದು ಸರಣಿಯನ್ನು ಯಂತ್ರದಿಂದ ಕಂಡುಹಿಡಿಯುವ ಕ್ರಮವಿದೆ. ಸ್ವಿಟ್ಜರ್ಲೆಂಡಿನ ಗಣಿತಜ್ಞನ ಹೆಸರು ಹೊತ್ತ ಈ ಸಂಖ್ಯೆಗಳಲ್ಲಿ ಪ್ರತಿಯೊಂದನ್ನು ಪಡೆಯಲು ಅದರ ಹಿಂದಿನವೆಲ್ಲ ಬೇಕು. ಆದ್ದರಿಂದ ಯಂತ್ರದ ಶಕ್ತಿಯನ್ನು ಒರೆಗೆ ಹಚ್ಚಲು ಇವು ತಕ್ಕವು. ಅಡಾ ಒಂದು ದೊಡ್ಡ ಹಾಳೆಯಲ್ಲಿ ಇಪ್ಪತ್ತೈದು ಕ್ರಿಯೆಗಳನ್ನು ಕ್ರಮವಾಗಿ ಬರೆದಳು. ಹದಿಮೂರರಿಂದ ಇಪ್ಪತ್ಮೂರರವರೆಗಿನ ಕ್ರಿಯೆಗಳನ್ನು ಮತ್ತೆ ಬರೆಯದೆ, ಅವನ್ನೇ ಪುನಃ ನಡೆಸಬೇಕೆಂದು ಸೂಚಿಸಿದಳು. ರಟ್ಟುಗಳ ಸರಪಣಿ ಹಿಂದಕ್ಕೆ ಸರಿದು ಅದೇ ದಾರಿಯಲ್ಲಿ ಮತ್ತೆ ಬರುವ ಈ ಉಪಾಯದಿಂದ ಸ್ವಲ್ಪವೇ ಆಜ್ಞೆಗಳಲ್ಲಿ ಎಷ್ಟೋ ದೊಡ್ಡ ಲೆಕ್ಕ ಸಾಗುತ್ತದೆ.

ಆ ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ಒಂದು ತಪ್ಪು ಉಳಿದುಕೊಂಡಿದೆ. ನಾಲ್ಕನೆಯ ಕಂಬವನ್ನು ಐದನೆಯದರಿಂದ ಭಾಗಿಸಬೇಕಾದಲ್ಲಿ ಐದನೆಯದನ್ನು ನಾಲ್ಕನೆಯದರಿಂದ ಭಾಗಿಸಲು ಹೇಳಿದೆ. ಸೋಜಿಗವೆಂದರೆ, ಅದೇ ಸಾಲಿನ ಇನ್ನೊಂದು ಅಂಕಣದಲ್ಲಿ ಬರಬೇಕಾದ ಫಲ ಸರಿಯಾಗಿಯೇ ಬರೆದಿದೆ. ಓದುವ ಮನುಷ್ಯನಿಗೆ ಉದ್ದೇಶ ತಿಳಿಯುವುದರಿಂದ ಅವನು ತಪ್ಪನ್ನು ತಿದ್ದಿಕೊಳ್ಳುತ್ತಾನೆ. ಯಂತ್ರಕ್ಕೆ ಉದ್ದೇಶವಿಲ್ಲ, ಅದು ಬರೆದಂತೆ ಭಾಗಿಸಿ ತಪ್ಪು ಉತ್ತರವನ್ನು ಅಷ್ಟೇ ನಿಷ್ಠೆಯಿಂದ ಕೊಡುತ್ತಿತ್ತು.

ಯಂತ್ರಕ್ಕೂ ಅರ್ಥಕ್ಕೂ ಇರುವ ಸಂಬಂಧವನ್ನು ಅಡಾ ಆಳವಾಗಿ ಆಲೋಚಿಸಿದ್ದಳು. ಬ್ಯಾಬೇಜನಿಗೆ ಯಂತ್ರವೆಂದರೆ ಮುಖ್ಯವಾಗಿ ಲೆಕ್ಕ ಮಾಡುವ ಸಾಧನ. ಆಕೆ ಒಂದು ಹೆಜ್ಜೆ ಮುಂದೆ ಹೋದಳು. ಚಕ್ರದ ಮೇಲಿರುವುದು ಸಂಖ್ಯೆ ನಿಜ. ಆದರೆ ಆ ಸಂಖ್ಯೆ ಯಾವುದನ್ನು ಸೂಚಿಸಬೇಕೆಂಬುದು ಮನುಷ್ಯನ ಒಪ್ಪಂದಕ್ಕೆ ಸೇರಿದ್ದು. ಸಂಗೀತದ ಸ್ವರಗಳ ಪರಸ್ಪರ ಸಂಬಂಧವನ್ನು ಸಂಖ್ಯೆಗಳಿಂದ ಗುರುತಿಸಲು ಸಾಧ್ಯವಾದರೆ, ಯಂತ್ರವು ಸಂಗೀತವನ್ನೂ ಹೆಣೆಯಬಲ್ಲದೆಂದು ಆಕೆ ಬರೆದಳು. ಮಗ್ಗವು ಹೂಬಳ್ಳಿಗಳನ್ನು ನೆಯ್ಯುವ ಹಾಗೆ ಈ ಯಂತ್ರ ಬೀಜಗಣಿತದ ವಿನ್ಯಾಸಗಳನ್ನು ನೆಯ್ಯುತ್ತದೆಂಬ ಹೋಲಿಕೆಯೂ ಆಕೆಯದೇ. ಕ್ರಿಯೆಯೇ ಬೇರೆ, ಕ್ರಿಯೆಗೆ ಒಳಗಾಗುವ ವಸ್ತುವೇ ಬೇರೆ. ಇವೆರಡನ್ನು ಬೆರೆಸಿದರೆ ಗೊಂದಲವೆಂದು ಮತ್ತೆ ಮತ್ತೆ ಎಚ್ಚರಿಸಿದಳು.

ಈ ಮಾತಿನ ನಿಜವನ್ನು ಇಂದಿನ ಗಣಕದಲ್ಲಿ ಪರೀಕ್ಷಿಸಬಹುದು. 65 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಅಂಗಡಿಯ ಲೆಕ್ಕದಲ್ಲಿ ಅದು ಅರುವತ್ತೈದು ರೂಪಾಯಿ. ಅಕ್ಷರಗಳ ಸಂಕೇತಪಟ್ಟಿಯಲ್ಲಿ ಅದೇ 65 ಇಂಗ್ಲಿಷ್ ವರ್ಣಮಾಲೆಯ ಮೊದಲನೆಯ ದೊಡ್ಡಕ್ಷರ. 1976ರಲ್ಲಿ ಹೊರಬಂದ ಇಂಟೆಲ್ 8085 ಎಂಬ ಸಂಸ್ಕಾರಕಕ್ಕೆ ಅದೇ 65ನ್ನು ಆಜ್ಞೆಯಾಗಿ ಕೊಟ್ಟರೆ, ತನ್ನೊಳಗಿನ ಸಿ ಎಂಬ ಮನೆಯಲ್ಲಿರುವುದನ್ನು ಬಿ ಎಂಬ ಮನೆಗೆ ನಕಲು ಮಾಡುತ್ತದೆ. ಕನ್ನಡದ ಅಕಾರಕ್ಕೆ ಯೂನಿಕೋಡ್ ಪಟ್ಟಿಯಲ್ಲಿ ಕೊಟ್ಟಿರುವ ಸಂಖ್ಯೆ 3205. ಯಂತ್ರದೊಳಗೆ ಅಕಾರವೂ ಇಲ್ಲ, ರೂಪಾಯಿಯೂ ಇಲ್ಲ. ಬ್ಯಾಬೇಜನ ಯೋಜನೆಯಲ್ಲಿ ಆಜ್ಞೆಗಳು ರಟ್ಟಿನ ಮೇಲೆ, ಸಂಖ್ಯೆಗಳು ಉಗ್ರಾಣದಲ್ಲಿ ಬೇರೆಬೇರೆಯಾಗಿದ್ದವು. ಇಂದಿನ ಗಣಕಗಳಲ್ಲಿ ಬಹುಪಾಲು ಎರಡನ್ನೂ ಒಂದೇ ಉಗ್ರಾಣದಲ್ಲಿ ಇಡುವುದರಿಂದ ಅಡಾಳ ಎಚ್ಚರಿಕೆಗೆ ಬೆಲೆ ಹೆಚ್ಚಾಗಿದೆ.

ಇಷ್ಟಾದರೂ ಆಕೆ ಯಂತ್ರವನ್ನು ಅತಿಯಾಗಿ ಹೊಗಳಲಿಲ್ಲ. ತಾನಾಗಿ ಹೊಸತನ್ನು ಹುಟ್ಟಿಸುವ ಸಾಮರ್ಥ್ಯ ಅದಕ್ಕಿಲ್ಲ, ನಾವು ಆಜ್ಞಾಪಿಸಲು ಬಲ್ಲದ್ದನ್ನು ಮಾತ್ರ ಅದು ನಡೆಸಿಕೊಡುತ್ತದೆಂದು ಸ್ಪಷ್ಟಪಡಿಸಿದಳು. ನೂರೇಳು ವರ್ಷಗಳ ಮೇಲೆ, 1950ರಲ್ಲಿ, ಅಲನ್ ಟ್ಯೂರಿಂಗ್ ಎಂಬ ವಿಜ್ಞಾನಿ ಯಂತ್ರಗಳು ಯೋಚಿಸಬಲ್ಲವೆ ಎಂಬ ಪ್ರಶ್ನೆಯನ್ನು ಚರ್ಚಿಸುವಾಗ, ಅಡಾಳ ಆಕ್ಷೇಪವನ್ನು ಆಕೆಯ ಹೆಸರಿನಿಂದಲೇ ಎತ್ತಿಕೊಂಡು ಉತ್ತರ ಹೇಳಲು ಯತ್ನಿಸಿದನು. ಯಂತ್ರಗಳು ತನ್ನನ್ನು ಆಗಾಗ ಬೆರಗುಗೊಳಿಸುತ್ತವೆಂಬುದು ಅವನ ಅನುಭವ. ಆ ವಾದ ಅಲ್ಲಿಗೆ ಮುಗಿಯಲಿಲ್ಲ.

ಈ ಆಜ್ಞಾಪಟ್ಟಿಯಲ್ಲಿ ಅಡಾಳ ಪಾಲೆಷ್ಟು, ಬ್ಯಾಬೇಜನ ಪಾಲೆಷ್ಟು ಎಂಬ ವಿವಾದ ಇತಿಹಾಸಕಾರರಲ್ಲಿದೆ. ಇದಕ್ಕೂ ಮುಂಚೆಯೇ ಬ್ಯಾಬೇಜನು ತನ್ನ ಕಡತಗಳಲ್ಲಿ ಚಿಕ್ಕಚಿಕ್ಕ ಪಟ್ಟಿಗಳನ್ನು ಬರೆದಿಟ್ಟಿದ್ದನು. ಬರ್ನೌಲಿ ಲೆಕ್ಕದ ಬೀಜಗಣಿತವನ್ನು ತಾನೇ ಒದಗಿಸಿದೆನೆಂದೂ ಮುಂದೆ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡನು. ಆದರೆ ಅದರಲ್ಲಿ ತಾನು ಮಾಡಿದ್ದ ದೊಡ್ಡ ತಪ್ಪೊಂದನ್ನು ಅಡಾ ಕಂಡುಹಿಡಿದು ಹಿಂದಿರುಗಿಸಿದಳೆಂಬುದನ್ನೂ ಅವನೇ ಒಪ್ಪಿದ್ದಾನೆ. ಆದುದರಿಂದ ಮೊತ್ತಮೊದಲ ಆಜ್ಞಾಪಟ್ಟಿ ಆಕೆಯದೇ ಎಂದು ಸಾಧಿಸುವುದು ಅತಿಶಯೋಕ್ತಿ. ಆಕೆ ಕೇವಲ ಅನುವಾದಕಿ ಎನ್ನುವುದು ಅನ್ಯಾಯ.

ಅಚ್ಚಿನ ಕೆಲಸ ಮುಗಿಯುವ ಹೊತ್ತಿಗೆ ಇಬ್ಬರಿಗೂ ಒಂದು ಮನಸ್ತಾಪ ಉಂಟಾಯಿತು. ತನಗೆ ನೆರವನ್ನು ನಿಲ್ಲಿಸಿದ ಸರ್ಕಾರವನ್ನು ಖಂಡಿಸುವ ಒಂದು ಹೇಳಿಕೆಯನ್ನು, ಸಹಿಯಿಲ್ಲದೆ, ಲೇಖನದೊಡನೆ ಸೇರಿಸಬೇಕೆಂದು ಬ್ಯಾಬೇಜನು ಹಟ ಹಿಡಿದನು. ಅಡಾ ಒಪ್ಪಲಿಲ್ಲ. ಯಂತ್ರವನ್ನು ಕಟ್ಟುವ ವ್ಯವಹಾರದ ಹೊಣೆಯನ್ನು ತಾನು ವಹಿಸಿಕೊಳ್ಳುವೆನೆಂದು ಆಕೆ ಬರೆದ ನಿಬಂಧನೆಗಳನ್ನು ಅವನು ಒಪ್ಪಲಿಲ್ಲ. ಸ್ನೇಹವೇನೋ ಉಳಿಯಿತು, ಯಂತ್ರ ಮಾತ್ರ ಕಾಗದದಲ್ಲಿಯೇ ಉಳಿಯಿತು. ಅಂದು ಆ ಒಪ್ಪಂದವಾಗಿದ್ದರೆ ಏನಾಗುತ್ತಿತ್ತೋ!

ಕೊನೆಯ ವರ್ಷಗಳು ನೆಮ್ಮದಿಯವಲ್ಲ. ಆರೋಗ್ಯ ಮೊದಲಿನಿಂದಲೂ ದುರ್ಬಲ. ಕುದುರೆ ಜೂಜಿನ ವ್ಯಸನಕ್ಕೆ ಸಿಲುಕಿ ಅಡಾ ಸಾಲ ಮಾಡಿಕೊಂಡಳು. ಮನೆತನದ ವಜ್ರಾಭರಣಗಳನ್ನು ಒತ್ತೆಯಿಡುವ ಸ್ಥಿತಿ ಬಂದಿತು. ಅವನ್ನು ತಾಯಿ ಬಿಡಿಸಿಕೊಟ್ಟಳು. ಸಂಖ್ಯೆಗಳನ್ನು ಅಷ್ಟು ಬಲ್ಲವಳಿಗೆ ಜೂಜಿನ ಲೆಕ್ಕ ಕೈಕೊಟ್ಟಿತು. ಅಷ್ಟರಲ್ಲಿ ಗರ್ಭಕೋಶದ ಕ್ಯಾನ್ಸರ್ ಕಾಣಿಸಿಕೊಂಡಿತು. ಹಾಸಿಗೆ ಹಿಡಿದಿದ್ದ ಆಕೆಯನ್ನು ನೋಡಲು ಬಂದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಪಕ್ಕದಲ್ಲಿ ಕುಳಿತು ತನ್ನ ಕೃತಿಯ ಒಂದು ಭಾಗವನ್ನು ಓದಿಹೇಳಿದನು. 1852ನೆಯ ನವೆಂಬರ್ 27ರಂದು ಅಡಾ ತೀರಿಕೊಂಡಳು. ಆಗ ಆಕೆಗೂ ತಂದೆಯಂತೆ ಮೂವತ್ತಾರೇ ವರ್ಷ. ಆಕೆಯ ಇಚ್ಛೆಯಂತೆ ನಾಟಿಂಗ್‌ಹ್ಯಾಂಷೈರಿನ ಹಕ್ನಲ್ ಎಂಬ ಊರಿನ ಚರ್ಚಿನಲ್ಲಿ, ತಿಳಿವಳಿಕೆ ಬಂದ ಮೇಲೆ ಒಮ್ಮೆಯೂ ಕಾಣದಿದ್ದ ತಂದೆಯ ಪಕ್ಕದಲ್ಲಿ, ಆಕೆಯನ್ನು ಸಮಾಧಿ ಮಾಡಿದರು.

ಬ್ಯಾಬೇಜನು 1871ರವರೆಗೆ ಬದುಕಿದ್ದು, ಯಂತ್ರವನ್ನು ಪೂರ್ಣಗೊಳಿಸಲಾರದೆಯೇ ಕಣ್ಮುಚ್ಚಿದನು. ಅವನು ಮುಂದೆ ರಚಿಸಿದ ಎರಡನೆಯ ವ್ಯತ್ಯಾಸ ಯಂತ್ರದ ನಕ್ಷೆಗಳನ್ನು ಅನುಸರಿಸಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು 1991ರಲ್ಲಿ ಒಂದು ಯಂತ್ರವನ್ನು ಕಟ್ಟಿದರು; ಅದು ತಪ್ಪಿಲ್ಲದೆ ಲೆಕ್ಕ ಮಾಡಿತು. ವಿದ್ಯುತ್ ಗಣಕಗಳು ಬಂದಾಗ, ಆಜ್ಞೆಗಳನ್ನು ಬರಿಯ ಅಂಕಿಗಳಲ್ಲಿ ಬರೆಯುವ ಕಷ್ಟವನ್ನು ನೀಗಲು 1947ರಲ್ಲಿ ಕ್ಯಾತ್ಲೀನ್ ಬೂತ್ ಸಂಕ್ಷೇಪ ಸಂಕೇತಗಳ ಪದ್ಧತಿಯೊಂದನ್ನು ರೂಪಿಸಿದಳು. 1949ರಲ್ಲಿ ಕೇಂಬ್ರಿಜ್‌ನ ಎಡ್ಸ್ಯಾಕ್ ಗಣಕಕ್ಕೆ ಕೂಡುವ ಆಜ್ಞೆಗೆ ಒಂದು ಅಕ್ಷರ, ಕಳೆಯುವ ಆಜ್ಞೆಗೆ ಇನ್ನೊಂದು ಅಕ್ಷರವೆಂದು ಬರೆದುಕೊಟ್ಟರೆ ಗಣಕವೇ ಅವನ್ನು ತನ್ನ ಅಂಕಿಗಳಿಗೆ ತಿರುಗಿಸಿಕೊಳ್ಳತೊಡಗಿತು. ಅಡಾಳ ಟಿಪ್ಪಣಿಗಳನ್ನು 1953ರಲ್ಲಿ ಗಣಕಗಳನ್ನು ಕುರಿತ ಗ್ರಂಥವೊಂದರಲ್ಲಿ ಪುನಃ ಅಚ್ಚುಮಾಡಿದರು. ಅಮೆರಿಕದ ರಕ್ಷಣಾ ಇಲಾಖೆ ತನ್ನ ಕೆಲಸಕ್ಕೆಂದು ಸಿದ್ಧಪಡಿಸಿದ ಗಣಕಭಾಷೆಯೊಂದಕ್ಕೆ ಅಡಾ ಎಂದೇ ಹೆಸರಿಟ್ಟಿತು. ಅದರ ನಿಯಮಾವಳಿಗೆ ಅನುಮೋದನೆ ದೊರೆತುದು 1980ನೆಯ ಡಿಸೆಂಬರ್ 10ರಂದು. ಅದಕ್ಕೆ ಕೊಟ್ಟ ಕ್ರಮಸಂಖ್ಯೆ 1815.